ಮರೆವಿನ ಅರಿವು

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ನಮ್ಮ ನಾಡಿನಲ್ಲಿ ಬಹು ಕಾಲದಿಂದ ಬಳಕೆಯಲ್ಲಿದೆ. ವಯಸ್ಸಾದವರು ಆಡಿದ ಮಾತನ್ನೇ ಮತ್ತೆ ಆಡಿದರೆ, ಮೂಗಿನ ಮೇಲಿರುವ ಕನ್ನಡಕವನ್ನು ಮನೆಯೆಲ್ಲ ಹುಡುಕಿದರೆ, ಕಿರಿಯರು ಈ ಗಾದೆಯನ್ನು ಹೇಳಿ ನಕ್ಕು ಸುಮ್ಮನಾಗುತ್ತಾರೆ. ವರಕವಿ ಬೇಂದ್ರೆಯವರು ತಮಗೆ ಅರವತ್ತು ತುಂಬಿದ ಕಾಲದಲ್ಲಿ ಹೊರತಂದ ಕವನಗಳ ಸಂಗ್ರಹಕ್ಕೆ 'ಅರಳು ಮರಳು' ಎಂದೇ ಹೆಸರಿಟ್ಟರು. ಅರಳಿದ ಹೂವು ಮರಳಿ ಅರಳಬಹುದು ಎಂಬ ಇನ್ನೊಂದು ಅರ್ಥವೂ ಆ ಮಾತಿನಲ್ಲಿ ಅಡಗಿದೆಯಷ್ಟೆ. ಆ ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಎ. ಎನ್. ಮೂರ್ತಿರಾಯರ 'ದೇವರು' ಎಂಬ ವಿಚಾರಗ್ರಂಥ ಪ್ರಕಟವಾದುದು 1991ರಲ್ಲಿ. ಆಗ ಅವರಿಗೆ ತೊಂಬತ್ತು ದಾಟಿತ್ತು. ಆದುದರಿಂದ ವಯಸ್ಸಾದೊಡನೆ ಬುದ್ಧಿ ಮಂಕಾಗಲೇಬೇಕೆಂಬ ನಿಯಮವೇನೂ ಇಲ್ಲ. ಗಾದೆಯ ಮಾತನ್ನು ಶಾಸ್ತ್ರವಾಕ್ಯವೆಂದು ತಿಳಿದು ಎಲ್ಲ ಹಿರಿಯರಿಗೂ ಅನ್ವಯಿಸುವುದು ಸರಿಯಲ್ಲ.

ಆದರೂ ಗಾದೆ ಸುಮ್ಮನೆ ಹುಟ್ಟಿದುದಲ್ಲ. ವಯಸ್ಸಾದಂತೆ ನೆನಪು ಸ್ವಲ್ಪ ನಿಧಾನವಾಗುವುದು ಸಹಜ. ಪರಿಚಿತರ ಹೆಸರು ಬಾಯಿಗೆ ಬಂದಂತಾಗಿ ಬಾರದೆ ಹೋಗುತ್ತದೆ. ಅರ್ಧ ಗಂಟೆಯ ಮೇಲೆ, ಅದನ್ನು ಹುಡುಕುವುದನ್ನು ಬಿಟ್ಟಾಗ, ತಾನಾಗಿ ಹೊಳೆಯುತ್ತದೆ. ಇದು ರೋಗವಲ್ಲ. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ತುದಿಯಲ್ಲಿ ಡಿಮೆನ್ಷಿಯಾ ಎಂಬ ಕಾಯಿಲೆಯಿದೆ. ಅದು ಬಲಿತವರಿಗೆ ತಾವು ಊಟ ಮಾಡಿದ್ದು ನೆನಪಿರುವುದಿಲ್ಲ. ಹುಟ್ಟಿ ಬೆಳೆದ ಬೀದಿಯಲ್ಲಿಯೇ ದಾರಿ ತಪ್ಪುತ್ತದೆ. ದಿನದ ಕೆಲಸಗಳಿಗೆ ಇತರರ ನೆರವು ಬೇಕಾಗುತ್ತದೆ. ಭಾರತದಲ್ಲಿ ಅರವತ್ತು ವರ್ಷ ಮೇಲ್ಪಟ್ಟವರಲ್ಲಿ ಶೇಕಡಾ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಈ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿದೆ.

ಸಹಜವಾದ ಮರೆವಿಗೂ ಈ ಕಾಯಿಲೆಗೂ ನಡುವೆ ಒಂದು ಮಬ್ಬುಬೆಳಕಿನ ಸ್ಥಿತಿಯುಂಟು. ವೈದ್ಯರು ಅದನ್ನು ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್ ಎಂದು ಕರೆಯುತ್ತಾರೆ. ಬುದ್ಧಿಶಕ್ತಿಯ ಅಲ್ಪ ಕುಂದು ಎಂದು ನಾವು ಹೇಳಬಹುದು. ಅಮೆರಿಕದ ಮೇಯೊ ಕ್ಲಿನಿಕ್‌ನ ರೊನಾಲ್ಡ್ ಪೀಟರ್ಸನ್ ಮತ್ತು ಅವರ ಸಂಗಡಿಗರು 1999ರಲ್ಲಿ ಇದರ ಲಕ್ಷಣಗಳನ್ನು ಕ್ರಮವಾಗಿ ನಿರೂಪಿಸಿದರು. ಪರೀಕ್ಷೆ ಮಾಡಿದಾಗ ನೆನಪು ವಯಸ್ಸಿಗೆ ತಕ್ಕಷ್ಟು ಇಲ್ಲವೆಂದು ತೋರಬೇಕು. ಆದರೆ ಉಡುವುದು, ಉಣ್ಣುವುದು, ಪೇಟೆಗೆ ಹೋಗಿ ಬರುವುದು ಮೊದಲಾದ ನಿತ್ಯಕರ್ಮಗಳು ಕೆಟ್ಟಿರಬಾರದು. ಇವುಗಳೊಡನೆ ಇನ್ನೊಂದು ಲಕ್ಷಣವನ್ನೂ ಅವರು ಸೇರಿಸಿದ್ದರು. ತನಗೆ ಮರೆವು ಹೆಚ್ಚಿದೆಯೆಂದು ಆ ವ್ಯಕ್ತಿಯೇ ದೂರಿಕೊಳ್ಳಬೇಕು. ಮನೆಯವರು ಅದನ್ನು ದೃಢಪಡಿಸಿದರೆ ಇನ್ನೂ ಒಳ್ಳೆಯದು. ಈ ಕೊನೆಯ ಲಕ್ಷಣವೇ ಮುಂದೆ ಬಹಳ ಚರ್ಚೆಗೆ ಎಡೆಗೊಟ್ಟಿತು. ಏಕೆಂದರೆ ಮರೆವು ಹೆಚ್ಚಾದವರೆಲ್ಲರೂ ಹಾಗೆ ದೂರಿಕೊಳ್ಳುವುದಿಲ್ಲ. ಕೆಲವರಿಗೆ ತಮ್ಮ ಮರೆವು ಕಾಣುವುದೇ ಇಲ್ಲ.

ಈ ಮಾತು ಸ್ಪಷ್ಟವಾಗುವಂತೆ ಒಂದು ಮನೆಯ ಸಂಗತಿಯನ್ನು ಕಲ್ಪಿಸಿಕೊಳ್ಳೋಣ. ಮನೆಯವರ ಹೆಸರು ನಮಗೆ ಬೇಡ. ಇಂಥ ಮನೆಗಳು ಎಲ್ಲ ಊರುಗಳಲ್ಲಿಯೂ ಇವೆ. ಊರು ದಾವಣಗೆರೆ. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ಈ ನಗರ 1997ರಿಂದ ಜಿಲ್ಲೆಯ ಕೇಂದ್ರವಾಗಿದೆ. ಗಿರಣಿಗಳ ಸದ್ದು ಅಡಗಿದರೂ ಮೆಕ್ಕೆಜೋಳ, ಭತ್ತಗಳ ವ್ಯಾಪಾರ ಅಡಗಿಲ್ಲ. ಮಂಡಿಪೇಟೆಯ ಒಂದು ಅಡತಿ ಅಂಗಡಿಯ ಯಜಮಾನರಿಗೆ ಎಪ್ಪತ್ತೊಂದು ವರ್ಷ. ಅವರ ಲೆಕ್ಕದ ಶುದ್ಧಿ ಪೇಟೆಯಲ್ಲೆಲ್ಲ ಪ್ರಸಿದ್ಧ. ಗಣಕಯಂತ್ರ ಬಂದು ಅಂಗಡಿಯ ಮೂಲೆಯಲ್ಲಿ ಕುಳಿತಿದ್ದರೂ ಅವರು ದಿನದ ವ್ಯವಹಾರವನ್ನು ತಮ್ಮ ಕೈಯಿಂದಲೇ ಕೀರ್ದಿಯಲ್ಲಿ ಬರೆಯುತ್ತಾರೆ. ಗುಮಾಸ್ತರು ಅದನ್ನು ನೋಡಿ ಖಾತೆಗೆ ಏರಿಸುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಇದು ತಪ್ಪದೆ ನಡೆದುಬಂದಿದೆ.

ಒಂದು ದಿನ ಜಗಳೂರು ಕಡೆಯ ರೈತನೊಬ್ಬ ಅಂಗಡಿಗೆ ಬಂದು ಹಣವನ್ನು ಮುಂದಿಟ್ಟ. "ಯಜಮಾನರೆ, ಮೆಕ್ಕೆಜೋಳದ ಬಾಬತ್ತು ನೀವು ಎರಡು ಸಲ ಕೊಟ್ಟೀರಿ. ಒಂದು ಸಲದ್ದು ಇಲ್ಲಿದೆ, ಎಣಿಸಿಕೊಳ್ಳಿರಿ" ಎಂದ. ಯಜಮಾನರು ಒಪ್ಪಲಿಲ್ಲ. "ನಾನು ಕೊಟ್ಟದ್ದು ಒಂದೇ ಸಲ. ನನಗೆ ಗೊತ್ತಿಲ್ಲವೇನು?" ಎಂದು ನಕ್ಕುಬಿಟ್ಟರು. ಕೀರ್ದಿಯನ್ನು ತೆಗೆದು ನೋಡಿದರೆ ಸೋಮವಾರ ಒಮ್ಮೆ, ಗುರುವಾರ ಒಮ್ಮೆ ಅದೇ ಮೊತ್ತ ಅವರ ಕೈಬರಹದಲ್ಲಿಯೇ ಇತ್ತು. ಪ್ರಾಮಾಣಿಕನಾದ ರೈತ ಹಣವನ್ನಿಟ್ಟು ಹೋದ. ಎಲ್ಲರೂ ಆತನಂತೆ ಇರುವುದಿಲ್ಲವಷ್ಟೆ. ಮುಂದಿನ ತಿಂಗಳು ಲೆಕ್ಕದಲ್ಲಿ ಹದಿನಾಲ್ಕು ಸಾವಿರ ರೂಪಾಯಿ ಕಡಿಮೆ ಬಂದಿತು. ಯಜಮಾನರ ಸಂಶಯ ಗುಮಾಸ್ತರ ಮೇಲೆ ಹೋಯಿತು. ಹಮಾಲರೆಲ್ಲ ಕೇಳುವಂತೆ, "ಗಲ್ಲಾಪೆಟ್ಟಿಗೆಯ ಬೀಗದ ಕೈ ನನ್ನನ್ನು ಬಿಟ್ಟರೆ ನಿನ್ನ ಹತ್ತಿರ ಮಾತ್ರ ಇರುವುದು" ಎಂದುಬಿಟ್ಟರು. ಗುಮಾಸ್ತರು ಮರುಮಾತಾಡಲಿಲ್ಲ. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಮನೆಗೆ ನಡೆದರು.

ಆ ರಾತ್ರಿ ಮನೆಯಲ್ಲಿ ದೊಡ್ಡ ಮಾತು ನಡೆಯಿತು. ಮಗ ಹೇಳಿದ: "ಅಪ್ಪಾಜಿ, ನಿಮಗೆ ಮರೆವು ಬಂದಿದೆ. ನೀವೇ ಯಾರಿಗೋ ಕೊಟ್ಟು ಬರೆಯುವುದನ್ನು ಮರೆತಿದ್ದೀರಿ. ಗೊತ್ತಿದ್ದೂ ಸುಳ್ಳು ಹೇಳುತ್ತೀರಿ." ತಂದೆ, "ಸುಳ್ಳು ಹೇಳುವ ವಂಶ ನನ್ನದಲ್ಲ" ಎಂದು ಊಟದ ಎಲೆಯ ಮುಂದಿನಿಂದ ಎದ್ದರು. ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದಳು.

ಇಲ್ಲಿ ಸುಳ್ಳು ಹೇಳಿದವರು ಯಾರು? ಯಾರೂ ಅಲ್ಲ. ಆದರೆ ಮಗನಿಗೆ ಅದು ತಿಳಿಯದು. ತಿಳಿಯದಿರುವುದು ಆತನ ತಪ್ಪೂ ಅಲ್ಲ. ತನ್ನ ದೇಹಕ್ಕೋ ಬುದ್ಧಿಗೋ ಒದಗಿದ ಕುಂದು ತನಗೇ ಕಾಣದೆ ಹೋಗುವುದುಂಟು ಎಂಬುದನ್ನು ನಂಬುವುದು ನಿಜವಾಗಿಯೂ ಕಷ್ಟ. 1914ರಲ್ಲಿ ಫ್ರಾನ್ಸಿನ ನರರೋಗತಜ್ಞ ಬಾಬಿನ್‌ಸ್ಕಿ ಎಂಬಾತ ವಿಚಿತ್ರವಾದ ಕೆಲವು ರೋಗಿಗಳನ್ನು ವರ್ಣಿಸಿದ. ಅವರ ದೇಹದ ಎಡಭಾಗಕ್ಕೆ ಪಾರ್ಶ್ವವಾಯು ಬಡಿದಿತ್ತು, ಎಡಗೈ ಮೇಲೇಳುತ್ತಿರಲಿಲ್ಲ. ಆದರೆ ತಮಗೆ ಅಂಥ ತೊಂದರೆಯಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ರೋಗದ ಅರಿವಿಲ್ಲದಿರುವಿಕೆ ಎಂಬ ಅರ್ಥದ ಗ್ರೀಕ್ ಮಾತುಗಳನ್ನು ಜೋಡಿಸಿ ಆತ ಇದನ್ನು ಅನೊಸೊಗ್ನೋಸಿಯಾ ಎಂದು ಕರೆದ. ಕೈ ಏಳದಿರುವುದೇ ತಿಳಿಯದೆ ಹೋಗಬಹುದಾದರೆ, ಕಣ್ಣಿಗೆ ಕಾಣದ ನೆನಪು ಕುಂದಿರುವುದು ತಿಳಿಯದೆ ಹೋಗುವುದರಲ್ಲಿ ಆಶ್ಚರ್ಯವೇನು?

ಮರೆವಿನ ವಿಷಯದಲ್ಲಿ ಇದು ಹೇಗೆ ಆಗುತ್ತದೆಂಬುದನ್ನು ಸ್ವಲ್ಪ ಯೋಚಿಸಿ ನೋಡಿರಿ. 'ನಾನು ಈಚೆಗೆ ತುಂಬ ಮರೆಯುತ್ತಿದ್ದೇನೆ' ಎಂದು ಒಬ್ಬರು ತಿಳಿಯಬೇಕಾದರೆ, ನಿನ್ನೆ ಮರೆತದ್ದು, ಮೊನ್ನೆ ಮರೆತದ್ದು ಇಂದು ಅವರ ನೆನಪಿನಲ್ಲಿರಬೇಕು. ಮರೆತೆವೆಂಬುದನ್ನೇ ಮರೆತರೆ ಲೆಕ್ಕ ಕೂಡುವುದೆಂತು? ಹೊಸ ಸಂಗತಿಗಳನ್ನು ನೆನಪಿನಲ್ಲಿ ನೆಲೆಗೊಳಿಸುವ ಕೆಲಸದಲ್ಲಿ ಮಿದುಳಿನ ಒಳಭಾಗದಲ್ಲಿರುವ ಹಿಪ್ಪೊಕ್ಯಾಂಪಸ್ ಎಂಬ ಅಂಗ ಮುಖ್ಯವಾದುದು. ಆಲ್ಜೈಮರ್ ಕಾಯಿಲೆಯಲ್ಲಿ ಮೊದಲು ಪೆಟ್ಟು ತಿನ್ನುವ ಭಾಗಗಳಲ್ಲಿ ಅದೂ ಒಂದು. ನಮ್ಮ ನಿರೀಕ್ಷೆಗೂ ನಡೆದುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಿ 'ಇಲ್ಲಿ ತಪ್ಪಿದೆ' ಎಂದು ಎಚ್ಚರಿಸುವುದರಲ್ಲಿ ಹಣೆಯ ಹಿಂದಿರುವ ಮಿದುಳಿನ ಭಾಗಕ್ಕೆ ದೊಡ್ಡ ಪಾಲಿದೆ. ಈ ಎರಡೂ ಕೆಲಸಗಳು ಸಡಿಲವಾದಾಗ ವ್ಯಕ್ತಿಯ ಮನಸ್ಸಿನಲ್ಲಿ ತನ್ನ ಬಗ್ಗೆ ಹಳೆಯ ಚಿತ್ರವೊಂದೇ ಉಳಿದುಕೊಳ್ಳುತ್ತದೆ. ನಮ್ಮ ಯಜಮಾನರಿಗೆ ತಮ್ಮ ಬಗ್ಗೆ ಇದ್ದ ಚಿತ್ರ ಐವತ್ತು ವರ್ಷದ, ಒಂದು ಪೈ ತಪ್ಪದ ವ್ಯಾಪಾರಿಯದು. ಹೊಸ ಜಮಾಖರ್ಚು ಏರದ ಖಾತೆಯಂತೆ ಅದು ಹಳೆಯ ಬಾಕಿಯನ್ನೇ ತೋರಿಸುತ್ತಿತ್ತು. ಅದನ್ನು ನಂಬಿಯೇ ಅವರು ಗುಮಾಸ್ತರನ್ನು ಶಂಕಿಸಿದರು. ತಾನು ತಪ್ಪಲಾರೆನೆಂದು ಖಚಿತವಾಗಿ ತಿಳಿದವನಿಗೆ, ಹಣ ಕಾಣದಿದ್ದರೆ, ಇನ್ನೊಬ್ಬರು ತೆಗೆದರೆಂಬ ತೀರ್ಮಾನವೊಂದೇ ಉಳಿಯುತ್ತದೆ.

ಇದನ್ನು ಹಟವೆಂದೂ ನಾಚಿಕೆಯೆಂದೂ ಎಣಿಸುವವರು ಬಹಳ. ನಾಚಿಕೆಯಿಂದ ಮುಚ್ಚಿಡುವವರೂ ಇದ್ದಾರೆಂಬುದು ನಿಜ. ನಾಲ್ಕು ಜನರ ಮುಂದೆ ಮರ್ಯಾದೆ ಹೋಗುವುದೆಂಬ ಭಯದಿಂದ, ತಿಳಿದಿದ್ದರೂ ಇಲ್ಲವೆನ್ನುವುದು ಒಂದು. ತಿಳಿಯದೆ ಇಲ್ಲವೆನ್ನುವುದು ಇನ್ನೊಂದು. ಮೊದಲನೆಯವರು ಏಕಾಂತದಲ್ಲಿ ಚೀಟಿ ಬರೆದಿಟ್ಟುಕೊಳ್ಳುತ್ತಾರೆ, ಹೊಸ ಹೊಣೆಗಳಿಂದ ಮೆಲ್ಲನೆ ತಪ್ಪಿಸಿಕೊಳ್ಳುತ್ತಾರೆ. ಎರಡನೆಯವರು ಯಾವ ಎಚ್ಚರಿಕೆಯನ್ನೂ ವಹಿಸುವುದಿಲ್ಲ. ಒಬ್ಬರಲ್ಲಿಯೇ ಎರಡೂ ಬೆರೆತಿರುವುದೂ ಉಂಟು. ಇಂದು ತಿಳಿದದ್ದು ನಾಳೆ ಮರೆಯಾಗಬಹುದು.

ಈಗ ಹರಿಹರಕ್ಕೆ ಬರೋಣ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರು ದೂರದಲ್ಲಿ ತುಂಗಭದ್ರೆಯ ದಡದಲ್ಲಿರುವ ಈ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಅಲ್ಲಿ ತಯಾರಾದ ಲೇಥುಗಳು ದೇಶದ ಎಷ್ಟೋ ಕಾರ್ಯಾಗಾರಗಳನ್ನು ಸೇರಿದವು. ಕಾರ್ಖಾನೆ ಈಗ ಮುಚ್ಚಿಹೋಗಿದೆ. ಅಲ್ಲಿ ದುಡಿದ ಕೈಗಳು ಊರಿನಲ್ಲಿ ಇನ್ನೂ ಇವೆ. ಯಜಮಾನರ ಪತ್ನಿಯ ಅಣ್ಣ ಅಂಥ ಒಬ್ಬ ಟರ್ನರ್ ಆಗಿದ್ದವರು. ಅವರಿಗೆ ಎಪ್ಪತ್ತಮೂರು. ಮೊಮ್ಮಗಳು ಅವರನ್ನು 'ಹರಿಹರದಜ್ಜ' ಎನ್ನುತ್ತಾಳೆ.

ಹರಿಹರದಜ್ಜನಿಗೂ ಮರೆವು. ಆದರೆ ಅದನ್ನು ಮೊದಲು ಕಂಡವರು ಅವರೇ. ಅಂಗಿಯ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕವನ್ನಿಟ್ಟುಕೊಂಡು ತಾವು ಮರೆತದ್ದನ್ನೆಲ್ಲ ತಾರೀಖಿನೊಡನೆ ಬರೆದರು. ಮೂರು ತಿಂಗಳ ಮೇಲೆ ಆ ಪುಸ್ತಕವನ್ನೇ ತೆಗೆದುಕೊಂಡು ವೈದ್ಯರ ಬಳಿಗೆ ಹೋದರು. ಒಂದು ಸಂಜೆ ಬಸ್ ನಿಲ್ದಾಣದಿಂದ ಮನೆಯ ದಾರಿ ಒಂದು ನಿಮಿಷ ಹೊಳೆಯದೆ ಹೋದಂದಿನಿಂದ ಸ್ಕೂಟರನ್ನು ಮುಟ್ಟಲಿಲ್ಲ. ಬ್ಯಾಂಕಿನ ಖಾತೆಗೆ ಮಗಳ ಹೆಸರನ್ನೂ ಸೇರಿಸಿದರು. ವಾರದ ಏಳು ದಿನಕ್ಕೆ ಏಳು ಗೂಡುಗಳಿರುವ ಡಬ್ಬಿಯಲ್ಲಿ ರಕ್ತದೊತ್ತಡದ ಮಾತ್ರೆಗಳನ್ನು ಹಾಕಿಟ್ಟರು. ಇಷ್ಟೆಲ್ಲ ವಿವೇಕದಿಂದ ನಡೆದುಕೊಂಡ ಅವರಿಗೆ ರಾತ್ರಿ ನಿದ್ದೆ ಮಾತ್ರ ಬರುತ್ತಿರಲಿಲ್ಲ. ಮುಂದೇನಾಗುವುದೋ ಎಂಬ ಚಿಂತೆ ಅವರನ್ನು ತಿನ್ನುತ್ತಿತ್ತು. ತನ್ನ ಕುಂದನ್ನು ಬಲ್ಲವರಲ್ಲಿ ದುಗುಡ ಹೆಚ್ಚಿರುವುದನ್ನು ಸಂಶೋಧಕರೂ ಕಂಡಿದ್ದಾರೆ. ಅರಿವೂ ಒಂದು ಭಾರ. ಅದನ್ನು ಹೊತ್ತವರಿಗೆ ಒಂದಿಷ್ಟು ಸಮಾಧಾನ ಹೇಳುವವರು ಬೇಕು. ಇನ್ನು ಕೆಲವರಿಗೆ ಪರೀಕ್ಷೆಯಲ್ಲಿ ಯಾವ ಕುಂದೂ ಕಾಣದಿದ್ದರೂ 'ನನ್ನ ಬುದ್ಧಿ ಹೋಯಿತು' ಎಂಬ ಹೆದರಿಕೆ ಬಿಡುವುದಿಲ್ಲ. ಅಂಥವರಲ್ಲಿ ಮರೆವಿಗಿಂತ ಮನಸ್ಸಿನ ಖಿನ್ನತೆಯೇ ಮೂಲವಾಗಿರುವುದು ಅಪೂರ್ವವಲ್ಲ.

ಜಗಳವಾದ ಮರುವಾರ ಮೊಮ್ಮಗಳು ಹರಿಹರಕ್ಕೆ ಹೋದಳು. ಅಜ್ಜ ಅವಳನ್ನು ಹರಿಹರೇಶ್ವರನ ಗುಡಿಗೆ ಕರೆದೊಯ್ದರು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿನಲ್ಲಿ ಕಟ್ಟಿಸಿದ ಗುಡಿ ಅದು. ಬಲಭಾಗ ಹರ, ಎಡಭಾಗ ಹರಿಯಾಗಿರುವ ಮೂರ್ತಿಯನ್ನು ನೋಡಲು ಜನ ಬರುತ್ತಾರೆ. ಟರ್ನರ್ ಅಜ್ಜನ ಕಣ್ಣು ಯಾವಾಗಲೂ ತಿರುಗಣೆಯಲ್ಲಿ ಕಡೆದಂತಿರುವ ಅಲ್ಲಿಯ ಕಂಬಗಳ ಮೇಲೆ. ಕಂಬಕ್ಕೆ ಒರಗಿ ಕುಳಿತು ಅವಳು ಮನೆಯ ಸಂಗತಿಯನ್ನೆಲ್ಲ ಹೇಳಿದಳು. ಅವರು ಬಹಳ ಹೊತ್ತು ಕಂಬದ ಏಣನ್ನು ಬೆರಳಿನಿಂದ ಸವರುತ್ತಿದ್ದು, ಆಮೇಲೆ ಹೇಳಿದರು:

"ನಮ್ಮ ಶಾಪಿನಲ್ಲಿ ಮೈಕ್ರೋಮೀಟರ್ ಎಂಬ ಅಳತೆಯ ಸಾಧನ ಇರುತ್ತಿತ್ತು ಅವ್ವಾ. ತಲೆಗೂದಲಿನ ದಪ್ಪವನ್ನೂ ಅಳೆಯುತ್ತದೆ. ದಿನಾ ಬಳಸಿ ಅದರ ಬಾಯಿ ಸವೆಯುತ್ತದೆ. ಸವೆದ ಸಾಧನದಿಂದ ಅಳೆದರೆ ಕೆಟ್ಟ ತುಂಡೂ ಸರಿಯಾಗಿಯೇ ಕಾಣುತ್ತದೆ. ಅಳೆದವನು ಸುಳ್ಳು ಹೇಳುವುದಿಲ್ಲ; ಅವನಿಗೆ ಕಂಡದ್ದನ್ನೇ ಹೇಳುತ್ತಾನೆ. ಅದಕ್ಕೇ ಆಗಾಗ ಸ್ಲಿಪ್ ಗೇಜನ್ನು ತಂದು, ಅದರ ಅಳತೆಯೊಡನೆ ಮೈಕ್ರೋಮೀಟರನ್ನು ತಾಳೆ ನೋಡುತ್ತಿದ್ದೆವು. ನಿಮ್ಮಜ್ಜನಿಗೆ ಯಾರೂ ಗೇಜು ಹಿಡಿದಿಲ್ಲ. ಸಾಧನವನ್ನು ಎತ್ತಿ ಕುಕ್ಕಿದರು."

ವೈದ್ಯರು ಮಾಡುವುದೂ ಹೆಚ್ಚು ಕಡಿಮೆ ಇದೇ ಕೆಲಸ. ವ್ಯಕ್ತಿಯನ್ನೂ ಅವರನ್ನು ಹತ್ತಿರದಿಂದ ಬಲ್ಲವರೊಬ್ಬರನ್ನೂ ಬೇರೆ ಬೇರೆಯಾಗಿ ಕುಳ್ಳಿರಿಸಿ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ: ಹಣದ ಲೆಕ್ಕ ಇಡಬಲ್ಲರೆ, ಹೇಳಿದ ಮಾತನ್ನು ಮತ್ತೆ ಹೇಳುತ್ತಾರೆಯೆ, ಔಷಧಿಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಾರೆಯೆ. ಎರಡು ಉತ್ತರಗಳ ನಡುವಿನ ಅಂತರವೇ ಅರಿವಿನ ಕೊರತೆಯ ಅಳತೆ. ಇದರಲ್ಲಿ ಒಂದು ತೊಡಕಿದೆ. ಬಲ್ಲವರೆನಿಸಿಕೊಂಡವರು ನಿಜವಾಗಿ ಬಲ್ಲವರೇ ಆಗಿರಬೇಕಲ್ಲವೆ? ನಮ್ಮ ಕೂಡು ಕುಟುಂಬಗಳಲ್ಲಿ ಹಿರಿಯರ ಕೆಲಸಗಳನ್ನೆಲ್ಲ ಸೊಸೆಯೋ ಮಗಳೋ ಮಾಡಿಬಿಡುವುದರಿಂದ ಕುಂದು ಹೊರಬೀಳಲು ಅವಕಾಶವೇ ಇರುವುದಿಲ್ಲ. ಆಸ್ತಿಯ ಆಸೆಯಿದ್ದ ಕಡೆ, ಇಲ್ಲದ ಮರೆವನ್ನು ಹೊರಿಸುವವರೂ ಇಲ್ಲದಿಲ್ಲ. ಆದುದರಿಂದ ಮನೆಯವರ ಮಾತೊಂದನ್ನೇ ಪ್ರಮಾಣವಾಗಿ ಹಿಡಿಯುವಂತಿಲ್ಲ, ಪರೀಕ್ಷೆಯೂ ಬೇಕು.

ಪರೀಕ್ಷೆಗಳಿಗೂ ಅವುಗಳದೇ ಆದ ಮಿತಿಗಳುಂಟು. 1975ರಲ್ಲಿ ಅಮೆರಿಕದಲ್ಲಿ ಸಿದ್ಧವಾದ, 30 ಅಂಕಗಳ ಒಂದು ಪರೀಕ್ಷೆ ಜಗತ್ತಿನಲ್ಲೆಲ್ಲ ಬಳಕೆಗೆ ಬಂದಿತು. ನೂರರಿಂದ ಏಳೇಳನ್ನು ಕಳೆಯುತ್ತ ಹೋಗಬೇಕು, ಒಂದು ವಾಕ್ಯವನ್ನು ಬರೆಯಬೇಕು ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಯೊಬ್ಬಳು ಊರಿನ ಮೂರು ತಲೆಮಾರಿನ ಸಂಬಂಧಗಳನ್ನು ತಪ್ಪಿಲ್ಲದೆ ಹೇಳಬಲ್ಲಳು. ಈ ಪರೀಕ್ಷೆಯಲ್ಲಿ ಮಾತ್ರ ಸೋಲುತ್ತಾಳೆ. ಇದನ್ನು ಮನಗಂಡು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ನಲವತ್ತೈದು ವರ್ಷ ಮೇಲ್ಪಟ್ಟ ಸಾವಿರಾರು ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿ, ಬುದ್ಧಿಶಕ್ತಿ ವಯಸ್ಸಿನೊಡನೆ ಹೇಗೆ ಬದಲಾಗುವುದೆಂಬುದನ್ನು ತಿಳಿಯುವ ದೀರ್ಘಕಾಲದ ಅಧ್ಯಯನವನ್ನು ಕೈಗೊಂಡಿದ್ದಾರೆ. ನಮ್ಮ ಹಳ್ಳಿಯವರ ಮಿದುಳನ್ನು ಅರಿಯಲು ನಮ್ಮ ಹಳ್ಳಿಗೇ ಹೋಗಬೇಕಾಯಿತೆಂಬುದು ಗಮನಿಸತಕ್ಕ ವಿಷಯ.

ಯಜಮಾನರನ್ನು ಆಸ್ಪತ್ರೆಗೆ ಕರೆದೊಯ್ಯುವುದು ಸುಲಭವಾಗಲಿಲ್ಲ. "ಮರೆವಿಗೆ ತೋರಿಸೋಣ" ಎಂದ ಮಗನ ಮಾತಿಗೆ ಅವರು ಕಿವಿಗೊಡಲಿಲ್ಲ. ಮೊಮ್ಮಗಳು ಹೋಗಿ, "ಅಜ್ಜಾ, ಹರಿಹರದಜ್ಜನಿಗೆ ಒಬ್ಬರೇ ಹೋಗಲು ಬೇಸರವಂತೆ. ನೀವೂ ಜೊತೆಗೆ ಹೋಗಿ ತೋರಿಸಿಕೊಳ್ಳುತ್ತೀರಾ?" ಎಂದಾಗ ಒಡನೆಯೇ ಪೇಟ ಸುತ್ತಿಕೊಂಡು ಹೊರಟರು. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಹರಿಹರದಜ್ಜನಿಗೆ ಒಬ್ಬರೇ ಹೋಗಲು ನಿಜವಾಗಿಯೂ ಬೇಸರವಿತ್ತು.

ವೈದ್ಯೆ ಹತ್ತು ಪದಗಳನ್ನು ಓದಿ ಹೇಳುವುದಾಗಿ ತಿಳಿಸಿ, ಅದಕ್ಕೆ ಮೊದಲು ಒಂದು ಪ್ರಶ್ನೆಯನ್ನು ಕೇಳಿದರು: "ಹತ್ತರಲ್ಲಿ ಎಷ್ಟನ್ನು ನೆನಪಿನಲ್ಲಿ ಇಟ್ಟುಕೊಳ್ಳಬಲ್ಲಿರಿ?" ಹರಿಹರದಜ್ಜ, "ಮೂರು ಹೇಳಿದರೆ ಹೆಚ್ಚು" ಎಂದರು. ಯಜಮಾನರು, "ಹತ್ತೂ ಹೇಳಬಹುದು. ಹೋಗಲಿ, ಎಂಟು ಎಂದು ಬರೆದುಕೊಳ್ಳಿರಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಾಗ ಇಬ್ಬರೂ ಮೂರು ಮೂರು ಪದಗಳನ್ನು ಹೇಳಿದರು. ಹನ್ನೊಂದು ಗಂಟೆ ಹತ್ತು ನಿಮಿಷವನ್ನು ತೋರಿಸುವ ಗಡಿಯಾರವನ್ನು ಬರೆಯಲು ಹೇಳಿದಾಗಲೂ ಇಬ್ಬರ ಕೈಯೂ ಒಂದೇ ಬಗೆಯಾಗಿ ತಡವರಿಸಿತು. ನೆನಪು ಕುಂದಿದ ಪ್ರಮಾಣ ಇಬ್ಬರಲ್ಲಿಯೂ ಹೆಚ್ಚು ಕಡಿಮೆ ಸಮವಾಗಿತ್ತು; ವ್ಯತ್ಯಾಸವಿದ್ದುದು ಅದರ ಅರಿವಿನಲ್ಲಿ. ಸಂಜೆ ಮನೆಯಲ್ಲಿ, "ಪರೀಕ್ಷೆ ಹೇಗಾಯಿತು ಅಜ್ಜಾ?" ಎಂದು ಕೇಳಿದಾಗ ಯಜಮಾನರು, "ನನ್ನದು ಎಲ್ಲ ಸರಿಯಿದೆಯವ್ವಾ. ಪಾಪ, ನಿಮ್ಮ ಹರಿಹರದಜ್ಜನನ್ನು ಸ್ವಲ್ಪ ನೋಡಿಕೊಳ್ಳಬೇಕು" ಎಂದರು.

ಆ ಮಾತನ್ನು ಕೇಳಿ ಯಾರಿಗಾದರೂ ನಗು ಬರಬಹುದು. ಆದರೆ ಮುಂದಿನ ದಿನಗಳ ದೃಷ್ಟಿಯಿಂದ ಹೆಚ್ಚು ನೋಡಿಕೊಳ್ಳಬೇಕಾದವರು ಯಜಮಾನರೇ. ಅಮೆರಿಕದಲ್ಲಿ ವೃದ್ಧರನ್ನು ವರ್ಷ ವರ್ಷವೂ ಪರೀಕ್ಷಿಸುತ್ತ ಬಂದ ಅಧ್ಯಯನವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಡಿಮೆನ್ಷಿಯಾ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದಕ್ಕೆ ಸರಾಸರಿ ಎರಡೂವರೆ ವರ್ಷ ಮೊದಲಿನಿಂದಲೇ ತಮ್ಮ ಮರೆವಿನ ಅರಿವು ಕುಗ್ಗತೊಡಗುತ್ತದೆಂದು ಅದು ತೋರಿಸಿತು. ಹಾಗೆಂದು ಅಲ್ಪ ಕುಂದು ಇರುವವರೆಲ್ಲರೂ ಆ ಕಾಯಿಲೆಗೆ ತುತ್ತಾಗುವರೆಂದು ಭಾವಿಸಬಾರದು. ತಜ್ಞರ ಚಿಕಿತ್ಸಾಲಯಗಳಿಗೆ ಬರುವವರಲ್ಲಿ ವರ್ಷಕ್ಕೆ ನೂರಕ್ಕೆ ಹತ್ತರಿಂದ ಹದಿನೈದು ಮಂದಿ ಆ ಕಡೆಗೆ ಜಾರುತ್ತಾರೆ. ಹಲವರು ಬಹುಕಾಲ ಇದ್ದಂತೆಯೇ ಇರುತ್ತಾರೆ. ಕೆಲವರು ಮೊದಲಿನಂತಾಗುವುದೂ ಉಂಟು. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷ, ಖಿನ್ನತೆ, ನಿದ್ದೆಯ ಮಾತ್ರೆಗಳ ಅತಿಬಳಕೆ ಇವುಗಳಿಂದ ಮರೆವು ಬಂದಿದ್ದರೆ ಅದಕ್ಕೆ ಚಿಕಿತ್ಸೆಯಿದೆ. ಅರಿವಿನ ವಿಷಯವೂ ಅಷ್ಟೆ. ಕಾಯಿಲೆ ಬಲಿತವರಲ್ಲಿ ಅರಿವು ಪೂರ್ತಿ ಆರಿಹೋಗಿರುತ್ತದೆಂದು ಹೇಳುವಂತಿಲ್ಲ. ಆಲ್ಜೈಮರ್ ಎಂಬ ಜರ್ಮನ್ ವೈದ್ಯ 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಪರೀಕ್ಷಿಸಿದ, ಆ ಕಾಯಿಲೆಯ ಮೊದಲ ರೋಗಿಯೆನಿಸಿದ ಹೆಂಗಸಿಗೆ ತನ್ನ ಗಂಡನ ಹೆಸರೇ ತಿಳಿಯುತ್ತಿರಲಿಲ್ಲ. ಆದರೂ ತನ್ನನ್ನು ತಾನೇ ಕಳೆದುಕೊಂಡೆನೆಂದು ಆಕೆ ಹೇಳಿಕೊಂಡಳು.

ವೈದ್ಯೆ ಮನೆಯವರಿಗೆ ಹೇಳಿದ್ದು ಕೆಲವೇ ಮಾತುಗಳು. 'ನಿಮಗೆ ಮರೆವಿದೆ, ಒಪ್ಪಿಕೊಳ್ಳಿ' ಎಂದು ಪೀಡಿಸಬಾರದು. ಅದರಿಂದ ಅರಿವು ಮೂಡುವುದಿಲ್ಲ, ಅವಮಾನ ಮಾತ್ರ ಉಳಿಯುತ್ತದೆ. ತಪ್ಪಿದರೆ ಹೆಚ್ಚು ಕೇಡಾಗುವ ಕೆಲಸಗಳು ಯಾವುವೆಂದು ನೋಡಿ ಅವುಗಳಿಗೆ ಮಾತ್ರ ಇನ್ನೊಬ್ಬರ ಕಣ್ಣನ್ನು ಜೋಡಿಸಬೇಕು. ಉಳಿದ ಕೆಲಸಗಳನ್ನು ಅವರಿಂದ ಕಸಿದುಕೊಳ್ಳಬಾರದು. ಸಕ್ಕರೆ ಕಾಯಿಲೆಗೆ ಬರೆದುಕೊಟ್ಟ ಮಾತ್ರೆಗಳು, ಪಿ.ಬಿ. ರಸ್ತೆಯಲ್ಲಿ ಮೊಪೆಡ್ ಓಡಿಸುವುದು, ಅಂಗಡಿಯ ಹಣ, ಇವು ಮೂರೂ ಮೊದಲ ಪಟ್ಟಿಗೆ ಸೇರಿದವು. ರಕ್ತದೊತ್ತಡ, ಸಕ್ಕರೆಗಳನ್ನು ಹತೋಟಿಯಲ್ಲಿಡಬೇಕೆಂದೂ, ಕಿವಿ ಮಂದವಾಗಿದ್ದರೆ ಶ್ರವಣಸಾಧನವನ್ನು ಹಾಕಿಕೊಳ್ಳಬೇಕೆಂದೂ, ದಿನವೂ ನಡೆಯಬೇಕೆಂದೂ ಇಬ್ಬರಿಗೂ ಹೇಳಿದರು. ಡಿಮೆನ್ಷಿಯಾಕ್ಕೆ ದಾರಿ ಮಾಡಿಕೊಡುವ, ಆದರೆ ಮನುಷ್ಯನ ಪ್ರಯತ್ನದಿಂದ ತಡೆಯಬಹುದಾದ 14 ಕಾರಣಗಳನ್ನು 2024ರಲ್ಲಿ ತಜ್ಞರ ಅಂತರರಾಷ್ಟ್ರೀಯ ಮಂಡಲಿಯೊಂದು ಗುರುತಿಸಿದೆ. ಈ ಮೂರೂ ಅವುಗಳಲ್ಲಿ ಸೇರಿವೆ.

ಮೊಪೆಡ್ಡಿನ ಪ್ರಶ್ನೆ ಬಗೆಹರಿಯಲು ಬಹಳ ದಿನ ಹಿಡಿಯಿತು. ಅದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮಗ ಗುಮಾಸ್ತರ ಮನೆಗೆ ಹೋಗಿ ಎಲ್ಲವನ್ನೂ ತಿಳಿಸಿ ಕ್ಷಮೆ ಕೇಳಿದ. ಅವರು ಮರುದಿನವೇ ಬಂದು ತಮ್ಮ ಜಾಗದಲ್ಲಿ ಕುಳಿತರು. ಯಜಮಾನರು ಏನೂ ನಡೆಯದವರಂತೆ, "ಯಾಕೆ, ನಾಲ್ಕು ದಿನ ಕಾಣಲಿಲ್ಲ?" ಎಂದು ವಿಚಾರಿಸಿದರು.

ಅಂಗಡಿಯ ಲೆಕ್ಕಕ್ಕೆ ಉಪಾಯವನ್ನು ಹುಡುಕಿದವಳು ಮೊಮ್ಮಗಳು. ವ್ಯಾಪಾರದಲ್ಲಿ ತಾಳೆ ನೋಡುವುದು ಅವಮಾನವಲ್ಲ. ಅದು ಪೇಟೆಯ ಹಳೆಯ ಪದ್ಧತಿ. "ಅಜ್ಜಾ, ನನಗೆ ಕೀರ್ದಿ ಬರೆಯುವುದನ್ನು ಕಲಿಸಿಕೊಡಿರಿ" ಎಂದು ಅವಳು ಕೇಳಿಕೊಂಡಳು. ಅವರಿಗೆ ಪರಮ ಸಂತೋಷವಾಯಿತು. ಹಳೆಯ ವಿದ್ಯೆ ಅವರ ಕೈಯಲ್ಲಿ ಸ್ವಲ್ಪವೂ ಮಾಸಿರಲಿಲ್ಲ. ಜಮೆಯ ಕಡೆ ಯಾವುದು, ಖರ್ಚಿನ ಕಡೆ ಯಾವುದು, ಸಿಲ್ಕು ತೆಗೆಯುವುದು ಹೇಗೆ ಎಂದು ಅವರು ಕಲಿಸಿದ ರೀತಿಯನ್ನು ನೋಡಿ ಗುಮಾಸ್ತರೂ ಬೆರಗಾದರು. ಅಂದಿನಿಂದ ಅಂಗಡಿಯಲ್ಲಿ ಎರಡು ಕೀರ್ದಿಗಳಾದವು. ಒಂದನ್ನು ಯಜಮಾನರು ಬರೆಯುತ್ತಾರೆ. ಇನ್ನೊಂದನ್ನು ಗುಮಾಸ್ತರು ಹೇಳಿದಂತೆ ಮೊಮ್ಮಗಳು ಶಾಲೆ ಬಿಟ್ಟ ಮೇಲೆ ಬರೆಯುತ್ತಾಳೆ. ಪ್ರತಿ ಸೋಮವಾರ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜ, ಮೊಮ್ಮಗಳು ಎದುರುಬದುರಾಗಿ ಕುಳಿತು, ಒಬ್ಬರು ಓದುತ್ತ ಒಬ್ಬರು ಗುರುತು ಹಾಕುತ್ತ, ಎರಡನ್ನೂ ತಾಳೆ ನೋಡುತ್ತಾರೆ.

ಒಂದು ಸೋಮವಾರ ಎರಡೂ ಪುಸ್ತಕಗಳು ಅವಳ ಮುಂದೆ ತೆರೆದಿದ್ದವು. ಅಜ್ಜ ಕನ್ನಡಕವನ್ನು ಸರಿಪಡಿಸಿಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ತಪ್ಪು. ಶನಿವಾರ ಕೊಟ್ಟದ್ದನ್ನೇ ಇಲ್ಲಿ ಮತ್ತೆ ಬರೆದಿದೆ. ಇದನ್ನು ಬರೆದವರು ಯಾರು?" ಎಂದು ಕೇಳಿದರು. ಅದು ಅವರದೇ ಪುಸ್ತಕ, ಅವರದೇ ಅಕ್ಷರ. ಗುಮಾಸ್ತರು ತಲೆ ತಗ್ಗಿಸಿ ತಮ್ಮ ಖಾತೆಯನ್ನು ನೋಡತೊಡಗಿದರು.

"ನಮ್ಮ ಅಂಗಡಿಯದೇ ಪುಸ್ತಕ ಅಜ್ಜಾ" ಎಂದಳು ಮೊಮ್ಮಗಳು. "ಹೊಡೆದುಹಾಕಿ ಸರಿಯಾದದ್ದನ್ನು ಬರೆಯೋಣವೆ?"

ಅವರು ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೆಂಪು ಶಾಯಿಯ ಪೆನ್ನನ್ನು ತೆಗೆದುಕೊಂಡು ಆ ಸಾಲಿನ ಮೇಲೆ ನೇರವಾದ ಒಂದು ಗೆರೆಯನ್ನೆಳೆದರು. ಪಕ್ಕದಲ್ಲಿ ತಾರೀಖು ಹಾಕಿ ತಮ್ಮ ರುಜುವನ್ನು ಮಾಡಿ, "ಮುಂದಿನದು ಓದವ್ವಾ" ಎಂದರು.